ಕರೆಂಟ್ ಪಿಕಪ್‌ಗೆ ಎ.ಟಿ. ಟಯರ್ ಹಾಕಿಸಬೇಕಾ? ಉಡುಪಿ, ಮಂಗಳೂರು ಕಡೆಯ ಗಾಡಿಯವರು ಪದೇ ಪದೇ ಕೇಳುವ ಪ್ರಶ್ನೆಗಳು

ಮೇ ಕೊನೆಯ ವಾರ ಬಂತೆಂದರೆ ಉಡುಪಿಯ ನಮ್ಮ ಟಯರ್ ಅಂಗಡಿಯಲ್ಲಿ ಊಟಕ್ಕೂ ಪುರುಸೊತ್ತಿಲ್ಲ. ಮಳೆ ಹಿಡಿಯುವ ಮೊದಲು ಟಯರ್ ಬದಲಾಯಿಸಬೇಕು ಅಂತ ಎಲ್ಲರಿಗೂ ಒಟ್ಟಿಗೇ ನೆನಪಾಗುತ್ತದೆ. ಈಗ ಆ ಸಾಲಿನಲ್ಲಿ ಕರೆಂಟಿನ, ಅಂದರೆ ಬ್ಯಾಟರಿಯಲ್ಲಿ ಓಡುವ, ಪಿಕಪ್‌ಗಳೂ ನಿಲ್ಲುತ್ತಿವೆ. ಸಾಮಾನು ತರಲು ನಾನೂ ಒಂದನ್ನು ಓಡಿಸುತ್ತೇನೆ. ಅಂಗಡಿಯ ಗಡಿಬಿಡಿಯಲ್ಲಿ ಪೂರ್ತಿ ಹೇಳಲು ಆಗದ ಉತ್ತರಗಳನ್ನು ಇಲ್ಲಿ ನಿಧಾನವಾಗಿ ಬರೆದಿದ್ದೇನೆ.

ನನ್ನ ಗಾಡಿಗೆ ಎ.ಟಿ. ಟಯರ್ ನಿಜಕ್ಕೂ ಬೇಕಾ?

ಎ.ಟಿ. ಅಂದರೆ ಆಲ್ ಟೆರೇನ್, ಡಾಂಬರಿಗೂ ಮಣ್ಣಿಗೂ ಆಗುವ ಟಯರ್. ಅದು ಬೇಕಾ ಅಂದರೆ ನಾನು ತಿರುಗಿ ಮೂರು ಪ್ರಶ್ನೆ ಕೇಳುತ್ತೇನೆ. ಜುಲೈ ತಿಂಗಳಲ್ಲಿ ನಿಮ್ಮ ಮನೆಯಿಂದ ಡಾಂಬರು ರಸ್ತೆಗೆ ಎಷ್ಟು ದೂರ? ಆ ದಾರಿ ಏರಾ, ಸಮತಟ್ಟಾ? ಏರು ಹತ್ತುವಾಗ ಗಾಡಿಯಲ್ಲಿ ಹೊರೆ ಇರುತ್ತದಾ, ಖಾಲಿಯಾ?

ಮೂರನೆಯ ಪ್ರಶ್ನೆಗೆ ಜಾಸ್ತಿ ಜನ ಆಶ್ಚರ್ಯಪಡುತ್ತಾರೆ. ನಮ್ಮಲ್ಲಿ ಸಿಗುವ ಸಣ್ಣ ಪಿಕಪ್‌ಗಳಲ್ಲಿ ಸಾಮಾನ್ಯವಾಗಿ ಹಿಂದಿನ ಚಕ್ರವೇ ಎಳೆಯುವುದು. ಹಿಂದೆ ಹೊರೆ ಇದ್ದರೆ ಚಕ್ರ ನೆಲ ಕಚ್ಚುತ್ತದೆ. ಖಾಲಿ ಗಾಡಿ ಒದ್ದೆ ಮಣ್ಣಿನ ಏರಿನಲ್ಲಿ ಸುಮ್ನೆ ತಿರುಗುತ್ತದೆ. ಬೆಳಿಗ್ಗೆ ಅಡಿಕೆ, ತೆಂಗಿನಕಾಯಿ ತುಂಬಿಕೊಂಡು ಗುಡ್ಡೆಯಿಂದ ಇಳಿದು, ಸಂಜೆ ಖಾಲಿ ಹತ್ತುವವರಿಗೆ ನಿಜವಾದ ಕಷ್ಟ ಇರುವುದು ಸಂಜೆಯ ಆ 300 ಮೀಟರ್‌ನಲ್ಲಿ.

ಮನೆಯವರೆಗೆ ಕಾಂಕ್ರೀಟ್ ಇದ್ದು, ದಿನವಿಡೀ ರಾಷ್ಟ್ರೀಯ ಹೆದ್ದಾರಿ 66ರಲ್ಲಿ ಪಡುಬಿದ್ರಿ, ಸುರತ್ಕಲ್ ಅಂತ ಓಡುವ ಗಾಡಿಗೆ ಎ.ಟಿ. ಬೇಡ. ಗಿರಾಕಿ ಕಳೆದುಕೊಂಡರೂ ಸರಿ, ನಾನು ಹೀಗೇ ಹೇಳುತ್ತೇನೆ. ಅಂಥವರಿಗೆ ಬೇಕಾದದ್ದು ಒದ್ದೆ ಡಾಂಬರಿನಲ್ಲಿ ಚೆನ್ನಾಗಿ ನಿಲ್ಲುವ ಟಯರ್. ದೊಡ್ಡ ಕಟ್ಟೆಗಳ (ಟಯರ್ ಮೇಲೆ ಎದ್ದು ನಿಂತ ರಬ್ಬರ್ ತುಂಡುಗಳ) ಟಯರ್ ಕಣ್ಣಿಗೆ ಗಟ್ಟಿಮುಟ್ಟಾಗಿ ಕಾಣುತ್ತದೆ ನಿಜ. ಆದರೆ ಒದ್ದೆ ಡಾಂಬರಿನಲ್ಲಿ ಅದೇ ಹೆಚ್ಚು ಹಿಡಿಯುತ್ತದೆ ಅನ್ನುವುದು ತಪ್ಪು ತಿಳಿವಳಿಕೆ.

ಕಾರ್ಕಳ, ಹೆಬ್ರಿ, ಬೆಳ್ತಂಗಡಿ, ಸುಳ್ಯದ ಒಳಗಿನ ತೋಟದ ಮನೆಯವರ ಕತೆ ಬೇರೆ. ದಿನಕ್ಕೆ ಎರಡು ಸಲ ಕೆಂಪು ಮಣ್ಣಿನ ಏರು ಹತ್ತಲೇಬೇಕು ಅಂತಿದ್ದರೆ ಎ.ಟಿ. ಹಾಕಿಸಿ. ರೇಂಜ್, ಅಂದರೆ ಒಂದು ಚಾರ್ಜ್‌ಗೆ ಓಡುವ ದೂರ, ಸ್ವಲ್ಪ ಹೋದರೂ ಪರವಾಗಿಲ್ಲ.

ಎ.ಟಿ., ಎಚ್.ಟಿ., ಎಂ.ಟಿ., ರಿಬ್, ಲಗ್. ಇವೆಲ್ಲ ಏನು?

ಎಚ್.ಟಿ. ಹೆದ್ದಾರಿಗೆ, ಎಂ.ಟಿ. ಕೆಸರಿಗೆ, ಎ.ಟಿ. ಎರಡರ ನಡುವಿನದು. ಈ ಹೆಸರುಗಳು ಎಸ್‌ಯುವಿ ಮತ್ತು ದೊಡ್ಡ ಪಿಕಪ್ ಟಯರ್‌ಗಳಲ್ಲಿ ಕಾಣುತ್ತವೆ. ಸರಕು ಗಾಡಿಯ ಟಯರ್‌ನಲ್ಲಿ ಮಾತು ಬೇರೆ: ಉದ್ದುದ್ದ ಗೆರೆ ಇದ್ದರೆ ರಿಬ್, ಅಡ್ಡಡ್ಡ ಕಟ್ಟೆ ಇದ್ದರೆ ಲಗ್, ನಡುವೆ ಗೆರೆ ಅಂಚಿಗೆ ಕಟ್ಟೆ ಇದ್ದರೆ ಸೆಮಿ ಲಗ್.

12, 13 ಇಂಚಿನ ಚಕ್ರದ ಸಣ್ಣ ಪಿಕಪ್ ಇರುವವರು ಎ.ಟಿ. ಅಂತ ಬರೆದ ಟಯರ್ ಹುಡುಕಿ ಊರೂರು ಸುತ್ತಬೇಡಿ. ಆ ಅಳತೆಯಲ್ಲಿ ಹಿಂದಿನ ಚಕ್ರಕ್ಕೆ ಸೆಮಿ ಲಗ್, ಮುಂದಕ್ಕೆ ರಿಬ್ ಹಾಕಿದರೆ ಎ.ಟಿ.ಯ ಕೆಲಸ ಆಗುತ್ತದೆ. ಆದರೆ ಒಂದೇ ಆಕ್ಸಲ್‌ನ ಎಡಕ್ಕೊಂದು ಬಲಕ್ಕೊಂದು ಬೇರೆ ಬೇರೆ ಮಾದರಿ ಯಾವತ್ತೂ ಬೇಡ. ಎಷ್ಟೇ ಅರ್ಜೆಂಟ್ ಇದ್ದರೂ ಬೇಡ.

ಟಯರ್ ಮೇಲೆ ಮೂರು ಶಿಖರದ ನಡುವೆ ಹಿಮದ ಹೂವಿನ ಚಿತ್ರ ಇದ್ದರೆ ಅದು ಹಿಮದ ಪರೀಕ್ಷೆ ಪಾಸಾದ ಗುರುತು. ಕರಾವಳಿಯಲ್ಲಿ ಅದಕ್ಕೆ ಅಂತ ಒಂದು ರೂಪಾಯಿಯೂ ಜಾಸ್ತಿ ಕೊಡಬೇಕಾಗಿಲ್ಲ.

ಡೀಸೆಲ್ ಗಾಡಿಯಲ್ಲಿ ಇಷ್ಟು ಬೇಗ ಸವೆಯುತ್ತಿರಲಿಲ್ಲ. ಕರೆಂಟ್ ಗಾಡಿಯಲ್ಲಿ ಯಾಕೆ ಹೀಗೆ?

ಎರಡು ಕಾರಣ. ಬ್ಯಾಟರಿಯ ತೂಕ ಒಂದು. ಮೋಟಾರಿನ ಎಳೆತ ಇನ್ನೊಂದು. ಡೀಸೆಲ್ ಎಂಜಿನ್‌ಗೆ ದಮ್ಮು ಬರಲು ಸ್ವಲ್ಪ ಹೊತ್ತು ಬೇಕು. ಮೋಟಾರು ಕಾಲಿಟ್ಟ ಕ್ಷಣವೇ ಪೂರ್ತಿ ಎಳೆಯುತ್ತದೆ. ಆ ಒದೆತ ತಿನ್ನುವುದು ರಬ್ಬರ್. ಕಾಲು ತೆಗೆದಾಗ ಅದೇ ಮೋಟಾರು ಹಿಡಿದು ನಿಧಾನ ಮಾಡುತ್ತದೆ. ಆಗಲೂ ಅದೇ ಚಕ್ರದ ಮೇಲೆ ಭಾರ.

ಗಾಡಿ ನಿಲ್ಲಿಸಿ ಹಿಂದಿನ ಟಯರ್ ಮೇಲೆ ಅಂಗೈ ಇಟ್ಟು ಮುಂದಕ್ಕೆ ಒಮ್ಮೆ, ಹಿಂದಕ್ಕೆ ಒಮ್ಮೆ ಸವರಿ ನೋಡಿ. ಒಂದು ಕಡೆಗೆ ನಯ, ಇನ್ನೊಂದು ಕಡೆಗೆ ಗರಗಸದ ಹಲ್ಲಿನ ಹಾಗೆ ತಾಗಿದರೆ ಕಟ್ಟೆಗಳು ಓರೆಯಾಗಿ ಸವೆಯುತ್ತಿವೆ ಅಂತ ಅರ್ಥ. ಕಟ್ಟೆ ಎತ್ತರ ಇದ್ದಷ್ಟೂ ಈ ತೊಂದರೆ ಜಾಸ್ತಿ. ಅದಕ್ಕೇ ಕರೆಂಟ್ ಗಾಡಿಗೆ ಎ.ಟಿ. ಆರಿಸುವಾಗ ನಡುವಿನ ಕಟ್ಟೆಗಳು ಒಂದಕ್ಕೊಂದು ರಬ್ಬರಿನ ಸೇತುವೆಯಿಂದ ಕೂಡಿಕೊಂಡಿರುವ ಮಾದರಿ ನೋಡಿ. ಬಿಡಿ ಬಿಡಿಯಾಗಿ ನಿಂತ ಕಟ್ಟೆಗಳು ಎಳೆತಕ್ಕೆ ಬಾಗುತ್ತವೆ, ಬೇಗ ಸವೆಯುತ್ತವೆ, ಸದ್ದೂ ಮಾಡುತ್ತವೆ. ಎಂಜಿನ್ ಸದ್ದಿಲ್ಲದ ಗಾಡಿಯಲ್ಲಿ ಆ ಗುಂಯ್ ಅನ್ನುವ ಸದ್ದು ನೇರ ಕಿವಿಗೇ ಬರುತ್ತದೆ.

ಟಯರ್ ಮೇಲಿನ ಅಂಕಿಗಳಲ್ಲಿ ಯಾವುದನ್ನು ಮೊದಲು ನೋಡಬೇಕು?

ಹೊರೆಯ ಅಂಕಿ. ಮಾದರಿ, ಬ್ರ್ಯಾಂಡ್, ರೇಟು ಎಲ್ಲ ಆಮೇಲೆ. ಇದೊಂದನ್ನು ಮಾತ್ರ ದಯವಿಟ್ಟು ಓದಿ ಬಿಟ್ಟುಬಿಡಬೇಡಿ.

ಅಳತೆ ಬರೆದ ಪಕ್ಕದಲ್ಲಿ ಒಂದು ಅಂಕಿ, ಒಂದು ಅಕ್ಷರ ಇರುತ್ತದೆ. ಆ ಅಂಕಿ ಕೆ.ಜಿ. ಅಲ್ಲ, ಕೆ.ಜಿ.ಯ ಸಂಕೇತ. 86 ಅಂದರೆ 530 ಕೆ.ಜಿ., 91 ಅಂದರೆ 615 ಕೆ.ಜಿ., 95 ಅಂದರೆ 690 ಕೆ.ಜಿ., 100 ಅಂದರೆ 800 ಕೆ.ಜಿ. ಇದು ಒಂದು ಟಯರ್ ಹೊರಬಲ್ಲ ಭಾರ. 86/84 ಅಂತ ಎರಡು ಅಂಕಿ ಇದ್ದರೆ ಮೊದಲಿನದು ಒಂಟಿ ಚಕ್ರಕ್ಕೆ, ಎರಡನೆಯದು ಜೋಡಿ ಚಕ್ರಕ್ಕೆ. ಅಕ್ಷರ ವೇಗದ್ದು: ಕ್ಯೂ ಅಂದರೆ 160 ಕಿ.ಮೀ., ಎಸ್ ಅಂದರೆ 180. ನಮ್ಮ ಕೆಲಸಕ್ಕೆ ವೇಗದ ಅಕ್ಷರ ದೊಡ್ಡ ವಿಷಯ ಅಲ್ಲ. ಗಾಡಿಗೆ ಕಂಪನಿ ಹೇಳಿದ್ದಕ್ಕಿಂತ ಕಡಿಮೆ ಆಗದಿದ್ದರೆ ಸಾಕು.

ಒಂದು ಲೆಕ್ಕ ಮಾಡೋಣ. ಹೊರೆ ಸೇರಿ ನಿಮ್ಮ ಗಾಡಿ 2,100 ಕೆ.ಜಿ. ತೂಗುತ್ತದೆ ಅಂತಿಟ್ಟುಕೊಳ್ಳಿ. ಪಿಕಪ್‌ನಲ್ಲಿ ಈ ಭಾರ ನಾಲ್ಕು ಚಕ್ರಕ್ಕೆ ಸಮನಾಗಿ ಹಂಚಿಹೋಗುವುದಿಲ್ಲ. ಹಿಂದಕ್ಕೆ 1,300 ಕೆ.ಜಿ. ಬಿದ್ದರೆ ಒಂದೊಂದು ಹಿಂದಿನ ಟಯರ್ 650 ಕೆ.ಜಿ. ಹೊರಬೇಕು. 91ರ ಟಯರ್ 615ಕ್ಕೇ ಮುಗಿಯಿತು. 93 ಅಂದರೆ ಸರಿಯಾಗಿ 650, ಅಂದರೆ ಕೈಯಲ್ಲಿ ಉಳಿದದ್ದು ಏನೂ ಇಲ್ಲ. 95 ಇದ್ದರೆ ಹೊಂಡಕ್ಕೆ ಬಿದ್ದಾಗಲೂ ತಡೆಯುತ್ತದೆ.

ಟಾಟಾ ಏಸ್ ಇವಿ 2022ರಲ್ಲಿ ಬಂದಾಗ 600 ಕೆ.ಜಿ. ಹೊರೆಯ ಗಾಡಿ. 2024ರಲ್ಲಿ 1,000 ಕೆ.ಜಿ. ಹೊರುವ ಮಾದರಿಯೂ ಬಂತು. ಗಾಡಿಯ ಹೆಸರು ಒಂದೇ ಅಂತ ಪಕ್ಕದ ಮನೆಯವರ ಟಯರ್ ನೋಡಿ ನಿಮ್ಮದಕ್ಕೆ ತರಬೇಡಿ. ಬಾಗಿಲಿನ ಹತ್ತಿರದ ಸ್ಟಿಕ್ಕರ್ ಅಥವಾ ಗಾಡಿಯ ಪುಸ್ತಕ ನೋಡಿ. ಮೊಬೈಲಲ್ಲಿ ಒಂದು ಫೋಟೋ ತೆಗೆದಿಟ್ಟುಕೊಳ್ಳಿ.

ಕಾರಿನ ಟಯರ್ ಅಳತೆ ಕೂತುಕೊಳ್ಳುತ್ತದೆ ಅಂತ ಪಿಕಪ್‌ಗೆ ಹಾಕಿಸುವವರನ್ನು ಕಂಡರೆ ನನಗೆ ಭಯ ಆಗುತ್ತದೆ. ಸರಕು ಗಾಡಿಯ ಟಯರ್‌ನಲ್ಲಿ ಎಲ್.ಟಿ. ಅಂತಲೋ, 6 ಪಿ.ಆರ್., 8 ಪಿ.ಆರ್. ಅಂತಲೋ ಇರುತ್ತದೆ. ಅದು ಮೈಯ ಗಟ್ಟಿತನದ ಗುರುತು. ಒಮ್ಮೆ ಒಬ್ಬರು ಹಾಗೆ ಹಾಕಿಸಿಕೊಂಡ ಗಾಡಿಯನ್ನು ನಮ್ಮಲ್ಲಿಗೆ ತಂದರು. ಒಳಬದಿಯಲ್ಲಿ ಕೋಳಿಮೊಟ್ಟೆ ಗಾತ್ರದ ಉಬ್ಬು. "ಎಂಥ ಮಾರಾಯ್ರೆ, ಹೊಸತು ಟಯರ್ ಅಲ್ವಾ?" ಅಂತ ಅವರೇ ಕೇಳಿದರು. ಹೊಸತೇ. ಆದರೆ ಒಳಗಿನ ನೂಲು ಕಡಿದುಹೋಗಿತ್ತು. ಅಲ್ಲೇ ಗಾಡಿ ನಿಲ್ಲಿಸಿ ಸ್ಟೆಪ್ನಿ ಹಾಕಿಸಿ ಕಳಿಸಿದೆ.

ಎ.ಟಿ. ಹಾಕಿದರೆ ರೇಂಜ್ ಎಷ್ಟು ಹೋಗುತ್ತದೆ?

ಹೋಗುವುದಂತೂ ನಿಜ. ಎಷ್ಟು ಅನ್ನುವುದು ಟಯರ್, ಗಾಳಿ, ಹೊರೆ, ನಿಮ್ಮ ಕಾಲು, ಎಲ್ಲದರ ಮೇಲೆ ನಿಂತಿದೆ. ಟಯರ್ ಉರುಳುವಾಗ ಮಡಚಿ ಬಿಚ್ಚಿಕೊಳ್ಳುತ್ತದೆ. ಆ ಕೆಲಸದಲ್ಲಿ ಬ್ಯಾಟರಿಯ ಶಕ್ತಿ ಬಿಸಿಯಾಗಿ ಹೋಗುತ್ತದೆ. ದಪ್ಪ ಕಟ್ಟೆ, ದಪ್ಪ ಮೈ, ಜಾಸ್ತಿ ತೂಕ ಇದ್ದರೆ ಈ ನಷ್ಟವೂ ಜಾಸ್ತಿ.

ನನ್ನದೇ ಗಾಡಿಯ ಅನುಭವ ಹೇಳುತ್ತೇನೆ. ಉಡುಪಿಯಿಂದ ಮಂಗಳೂರಿಗೆ ಹೋಗಿ ಬಂದರೆ ಮೊದಲೆಲ್ಲ ಮೀಟರಿನಲ್ಲಿ ಶೇಕಡ 30ರ ಆಸುಪಾಸು ಚಾರ್ಜ್ ಉಳಿಯುತ್ತಿತ್ತು. ಹಿಂದೆ ಕಟ್ಟೆ ಟಯರ್ ಹಾಕಿದ ಮೇಲೆ 22, 23ಕ್ಕೆ ಇಳಿಯಿತು. ಪುನಃ ಹೆದ್ದಾರಿ ಟಯರ್‌ಗೆ ಬಂದೆ, ಯಾಕೆಂದರೆ ನನ್ನ ಮನೆಗೆ ಕಾಂಕ್ರೀಟ್ ರಸ್ತೆ ಇದೆ. ನಾನು ಹಾಕಿಸಿದ್ದೇ ತಪ್ಪಾಗಿತ್ತು.

ದಿನದ ಓಟ 60 ಕಿ.ಮೀ. ಒಳಗಿದ್ದು ರಾತ್ರಿ ಮನೆಯಲ್ಲೇ ಚಾರ್ಜ್ ಮಾಡುವವರಿಗೆ ಇದು ತೊಂದರೆ ಕೊಡುವುದಿಲ್ಲ. ಚಾರ್ಜಿನ ಅಂಚಿನಲ್ಲಿ ಓಡಿಸುವವರು ಮಾತ್ರ ಲೆಕ್ಕ ಹಾಕಲೇಬೇಕು. ಇನ್ನೊಂದು ಮಾತು. ಹೊಸ ಟಯರ್ ಹಾಕಿದ ತಕ್ಷಣ ರೇಂಜ್ ಸ್ವಲ್ಪ ಕಡಿಮೆ ಕಾಣುವುದು ಸಹಜ. ಸವೆದ ಟಯರ್ ಹಗುರವಾಗಿ ಉರುಳುತ್ತದೆ, ಹೊಸತರಲ್ಲಿ ರಬ್ಬರ್ ಜಾಸ್ತಿ. ಒಂದೆರಡು ಸಾವಿರ ಕಿ.ಮೀ. ಓಡಿಸಿ ಆಮೇಲೆ ತೀರ್ಮಾನಕ್ಕೆ ಬನ್ನಿ.

ನಮ್ಮ ಮಳೆಗೆ ಯಾವ ಟಯರ್ ಒಳ್ಳೆಯದು?

ಕರಾವಳಿಯಲ್ಲಿ ವರ್ಷಕ್ಕೆ ಸುಮಾರು 4,000 ಮಿ.ಮೀ. ಮಳೆ ಬೀಳುತ್ತದೆ. ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಇಂಥ ಊರಿನಲ್ಲಿ ಟಯರ್‌ನ ಮೊದಲ ಕೆಲಸ ನೀರನ್ನು ಹೊರಗೆ ತಳ್ಳುವುದು. ಉದ್ದಕ್ಕೆ ಅಗಲವಾದ ನಾಲ್ಕು ಗೆರೆ, ಅಂಚಿಗೆ ತೆರೆದ ದಾರಿ, ಕಟ್ಟೆಗಳ ಮೇಲೆ ಕತ್ತಿಯಲ್ಲಿ ಗೀರಿದ ಹಾಗೆ ಸಣ್ಣ ಸೀಳು, ಇವಿಷ್ಟು ಇರುವ ಎ.ಟಿ. ನಮ್ಮ ಊರಿಗೆ ಚೆನ್ನಾಗಿ ಹೊಂದುತ್ತದೆ. ಬರೀ ಕೆಸರಿಗೆ ಮಾಡಿದ ಎಂ.ಟಿ.ಗೆ ಆ ಸಣ್ಣ ಸೀಳುಗಳು ಕಡಿಮೆ. ಒದ್ದೆ ಡಾಂಬರಿನಲ್ಲಿ ಬ್ರೇಕ್ ಹೊಡೆದಾಗ ಜಾರುತ್ತದೆ.

ಕಾನೂನಿನ ಪ್ರಕಾರ ಕಟ್ಟೆಯ ಆಳ 1.6 ಮಿ.ಮೀ.ಗೆ ಇಳಿದರೆ ಟಯರ್ ಮುಗಿಯಿತು. ಗೆರೆಯ ತಳದಲ್ಲಿ ಅಲ್ಲಲ್ಲಿ ಸಣ್ಣ ದಿಣ್ಣೆ ಇರುತ್ತದೆ, ಕಟ್ಟೆ ಅದರ ಮಟ್ಟಕ್ಕೆ ಬಂದರೆ ಅದೇ 1.6. ಆದರೆ ನಾನು ಮಳೆಗಾಲಕ್ಕೆ 3 ಮಿ.ಮೀ. ಇರುವಾಗಲೇ ಬದಲಾಯಿಸಿ ಅನ್ನುತ್ತೇನೆ. ಹೆದ್ದಾರಿಯ ಬದಿಯಲ್ಲಿ ನಿಂತ ನೀರಿಗೆ 70ರಲ್ಲಿ ನುಗ್ಗಿದಾಗ ಸ್ಟೀರಿಂಗ್ ಹಗುರ ಆಗಿ, ಗಾಡಿ ತೇಲಿದ ಅನುಭವ ಒಮ್ಮೆ ಆದವರಿಗೆ ಈ 3 ಯಾಕೆ ಅಂತ ಬೇರೆ ಹೇಳಬೇಕಾಗಿಲ್ಲ. ಮೇ ತಿಂಗಳಲ್ಲಿ 3 ಇದ್ದದ್ದು ಆಟಿ (ಜುಲೈ-ಆಗಸ್ಟ್‌ನ ತುಳು ತಿಂಗಳು) ಮುಗಿಯುವಾಗ ಎಷ್ಟಿರುತ್ತದೆ ಅಂತಲೂ ಯೋಚಿಸಿ.

ಕೆಂಪು ಮಣ್ಣಿನ ಏರಿನಲ್ಲಿ ಎ.ಟಿ. ಇದ್ದರೂ ಜಾರುತ್ತದೆ. ಟಯರ್ ಸರಿ ಇಲ್ಲವಾ?

ಟಯರ್ ಸರಿಯೇ ಇರಬಹುದು. ನಮ್ಮ ಮಣ್ಣು ಒದ್ದೆಯಾದರೆ ಹಿಟ್ಟಿನ ಹಾಗೆ ಅಂಟುತ್ತದೆ. ಗೆರೆಗಳೆಲ್ಲ ತುಂಬಿ ಟಯರ್ ಬೋಳು ಚೆಂಡಿನಂತಾಗುತ್ತದೆ. ಅಲ್ಲಿ ಕಾಲು ಒತ್ತಿದರೆ ಮೋಟಾರಿನ ಪೂರ್ತಿ ಎಳೆತ ಒಮ್ಮೆಲೇ ಬಂದು ಚಕ್ರ ತನ್ನ ಗುಂಡಿ ತಾನೇ ತೋಡಿಕೊಳ್ಳುತ್ತದೆ. ಎಳೆತ ತಗ್ಗಿಸುವ ಇಕೋ ಮೋಡ್ ಇದ್ದರೆ ಅದಕ್ಕೆ ಹಾಕಿ, ಏರಿನ ಬುಡದಿಂದಲೇ ಒಂದೇ ಹದದಲ್ಲಿ ಕಾಲಿಟ್ಟು ಹತ್ತಿ. ನಡುವೆ ನಿಲ್ಲಿಸಬೇಡಿ. ಸಿಕ್ಕಿಬಿದ್ದರೆ ಚಕ್ರದ ಎದುರಿಗೆ ತೆಂಗಿನ ಮಡಲು ಹಾಸಿ, ಅಥವಾ ಹಿಂದೆ ನಾಲ್ಕು ಮೂಟೆ ಮರಳು ಹೇರಿ. ಮಳೆಗಾಲ ಪೂರ್ತಿ ಎರಡು ಮೂಟೆ ಗಾಡಿಯಲ್ಲೇ ಇಟ್ಟು ಓಡಿಸುವವರು ನಮ್ಮಲ್ಲಿದ್ದಾರೆ. ಅವು ಹಿಂದಿನ ಆಕ್ಸಲ್ ಮೇಲೆ ಬರಬೇಕು, ಜಾರದ ಹಾಗೆ ಕಟ್ಟಿರಬೇಕು.

ಕೆಂಪುಕಲ್ಲಿನ ಕೋರೆ ಕಡೆಗೆ ಹೋಗುವವರು ರಾತ್ರಿ ಒಂದು ಟಾರ್ಚು, ಒಂದು ಸ್ಕ್ರೂಡ್ರೈವರ್ ಹಿಡಿದು ಗೆರೆಗಳಲ್ಲಿ ಸಿಕ್ಕಿದ ಚೂರು ಕಲ್ಲು ತೆಗೆಯಿರಿ. ಹಾಗೇ ಬಿಟ್ಟರೆ ಅದು ಒಳಗೊಳಗೇ ಕೊರೆಯುತ್ತದೆ.

ಆಗುಂಬೆ, ಚಾರ್ಮಾಡಿ, ಶಿರಾಡಿ ಘಾಟಿ ಹತ್ತಿ ಇಳಿಯುತ್ತೇನೆ. ಏನು ಗಮನಿಸಬೇಕು?

ಹತ್ತುವುದಕ್ಕಿಂತ ಇಳಿಯುವುದನ್ನು ಯೋಚಿಸಿ. ಆಗುಂಬೆಯಲ್ಲಿ 14 ಹೇರ್‌ಪಿನ್ ತಿರುವು. ಕಾಲು ತೆಗೆದಾಗ ಮೋಟಾರು ಹಿಡಿಯುತ್ತದಲ್ಲ, ಆ ಹಿಡಿತ ಬರೀ ಹಿಂದಿನ ಚಕ್ರದ ಮೇಲೆ. ಇಳಿಜಾರಿನಲ್ಲಿ ಭಾರ ಮುಂದಕ್ಕೆ ಬಂದು ಹಿಂದೆ ಹಗುರ ಆಗಿರುತ್ತದೆ. ಹಿಂದಿನ ಟಯರ್ ಬೋಳಾಗಿದ್ದು ರಸ್ತೆಯಲ್ಲಿ ಪಾಚಿ ಇದ್ದರೆ ತಿರುವಿನಲ್ಲಿ ಹಿಂಬದಿ ಹೊರಗೆ ಬರುತ್ತದೆ. ಆದ್ದರಿಂದ ತಿರುವಿಗೆ ಮೊದಲೇ ವೇಗ ಇಳಿಸಿ. ತಿರುವಿನ ಒಳಗೆ ಕಾಲನ್ನು ಒಮ್ಮೆಲೇ ತೆಗೆಯಬೇಡಿ.

ಮೇಲೆ ಹೋಗಿ ಫುಲ್ ಚಾರ್ಜ್ ಮಾಡಿ ತಕ್ಷಣ ಇಳಿಯುವುದೂ ಒಳ್ಳೆಯದಲ್ಲ. ಬ್ಯಾಟರಿ ತುಂಬಿದ್ದಾಗ ಮೋಟಾರಿನ ಹಿಡಿತ ತೀರಾ ಕಡಿಮೆ ಸಿಗುತ್ತದೆ. ಎಲ್ಲ ಭಾರ ಕಾಲಿನ ಬ್ರೇಕಿಗೇ ಬೀಳುತ್ತದೆ.

ಒಂದು ಅಳತೆ ದೊಡ್ಡದು ಹಾಕಬಹುದಾ? ಗಾಡಿ ಎತ್ತರ ಆಗುತ್ತದೆ.

ಬೇಡ. 215/75 ಆರ್ 15ರ ಬದಲು 235/75 ಆರ್ 15 ಹಾಕಿದರೆ ಚಕ್ರದ ಎತ್ತರ ಸುಮಾರು 703 ಮಿ.ಮೀ. ಇದ್ದದ್ದು 733 ಆಗುತ್ತದೆ, ಶೇಕಡ 4ರಷ್ಟು ಹೆಚ್ಚು. ಗಾಡಿ ಎತ್ತರ ಆಗುವುದು ಇದರ ಅರ್ಧ, ಬರೀ 15 ಮಿ.ಮೀ. ಅಷ್ಟಕ್ಕೆ ಮೀಟರ್ 60 ತೋರಿಸುವಾಗ ಗಾಡಿ 62, 63ರಲ್ಲಿ ಓಡುತ್ತದೆ, ಏರಿನಲ್ಲಿ ಎಳೆತ ಕುಗ್ಗುತ್ತದೆ, ಹೊರೆ ಹಾಕಿದಾಗ ಮಡ್‌ಗಾರ್ಡ್‌ಗೆ ಉಜ್ಜಲೂಬಹುದು. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಗಾಡಿಯನ್ನು ಕಂಪನಿ ಹೇಳಿದ್ದಕ್ಕಿಂತ ಬೇರೆ ರೀತಿ ಬದಲಾಯಿಸುವುದನ್ನು ತಡೆಯುತ್ತದೆ. ಇನ್ಶೂರೆನ್ಸ್ ಕೇಳುವಾಗ ಮಾತು ಬರಬಾರದು ಅಲ್ವಾ.

ವಿಡಿಯೋಗಳಲ್ಲಿ ಅಮೆರಿಕದ ಕರೆಂಟ್ ಪಿಕಪ್‌ಗಳ ಎ.ಟಿ. ಟಯರ್ ತೋರಿಸುತ್ತಾರೆ. ಅದೇ ತರಿಸಲಾ?

ರಿವಿಯನ್ ಆರ್1ಟಿ, ಫೋರ್ಡ್ ಎಫ್-150 ಲೈಟ್ನಿಂಗ್, ಟೆಸ್ಲಾ ಸೈಬರ್‌ಟ್ರಕ್, ಇವೆಲ್ಲ ಖಾಲಿ ಇರುವಾಗಲೇ ಮೂರು ಟನ್ನಿನ ಆಸುಪಾಸು ತೂಗುವ ಗಾಡಿಗಳು. ಅವುಗಳ ಚಕ್ರ 18ರಿಂದ 22 ಇಂಚಿನದು. ಅಷ್ಟು ಭಾರದ ಕರೆಂಟ್ ಗಾಡಿಗಳಿಗಾಗಿಯೇ ಅಳತೆಯ ಮುಂದೆ ಎಚ್.ಎಲ್. ಅಂತ ಬರೆದ ಜಾಸ್ತಿ ಹೊರೆಯ ಟಯರ್‌ಗಳೂ ಬಂದಿವೆ. ನಮ್ಮಲ್ಲಿ ಆ ಗಾತ್ರಕ್ಕೆ ಹತ್ತಿರದ ಹೈಲಕ್ಸ್, ವಿ-ಕ್ರಾಸ್ ಡೀಸೆಲ್‌ನಲ್ಲಿ ಓಡುತ್ತವೆ. ಟಯರ್ ತರಿಸಬೇಡಿ. ಆದರೆ ಅವರ ಕ್ರಮದಲ್ಲಿ ಒಂದು ಒಳ್ಳೆಯದಿದೆ: ಮೊದಲು ಹೊರೆ, ಆಮೇಲೆ ರೇಂಜ್, ಕೊನೆಗೆ ಚಂದ ನೋಡುತ್ತಾರೆ. ಅದನ್ನು ತೆಗೆದುಕೊಳ್ಳಿ.

ಮಲ್ಪೆಯಿಂದ ಮೀನು ಸಾಗಿಸುತ್ತೇನೆ. ಹೊಸ ಟಯರ್, ಆದರೂ ವಾರಕ್ಕೊಮ್ಮೆ ಗಾಳಿ ಇಳಿಯುತ್ತದೆ.

ಟಯರ್ ಬಿಚ್ಚಿ ಡಿಸ್ಕಿನ, ಅಂದರೆ ಟಯರ್ ಕೂರುವ ಚಕ್ರದ, ಅಂಚು ನೋಡಿ. ಮೀನಿನ ಬಾಕ್ಸಿನಿಂದ ಉಪ್ಪು ನೀರು ತೊಟ್ಟಿಕ್ಕಿ ಕಬ್ಬಿಣದ ಡಿಸ್ಕಿನ ಅಂಚು ತುಕ್ಕು ಹಿಡಿದು, ಹಪ್ಪಳದ ಹಾಗೆ ಪದರ ಪದರ ಎದ್ದಿರುತ್ತದೆ. ಟಯರ್ ಕೂರುವುದು ಅದೇ ಅಂಚಿನಲ್ಲಿ. ಆ ಸಂದಿನಿಂದ ಗಾಳಿ ಸದ್ದಿಲ್ಲದೆ ಹೋಗುತ್ತದೆ. ಸಾಬೂನು ನೀರು ಹಚ್ಚಿದರೆ ಸುತ್ತ ಸಣ್ಣ ಸಣ್ಣ ಗುಳ್ಳೆ ಏಳುವುದು ಕಾಣುತ್ತದೆ. ತಂತಿ ಬ್ರಷ್‌ನಲ್ಲಿ ಉಜ್ಜಿ, ಪ್ರೈಮರ್ ಹೊಡೆದು, ಒಣಗಿದ ಮೇಲೆ ಟಯರ್ ಕೂರಿಸಬೇಕು. ವಾಲ್ವನ್ನೂ ಆಗಲೇ ಬದಲಾಯಿಸಿ. ಅಂಚು ತೀರಾ ತಿಂದುಹೋಗಿದ್ದರೆ ಹೊಸ ಡಿಸ್ಕೇ ಗತಿ. ಬಂದರಿನಿಂದ ಬಂದ ಮೇಲೆ ದಿನಾ ಚಕ್ರಗಳಿಗೆ ಸಿಹಿನೀರು ಹೊಡೆಯುವ ಅಭ್ಯಾಸ ಇಟ್ಟುಕೊಂಡವರ ಡಿಸ್ಕ್ ವರ್ಷಗಟ್ಟಲೆ ಹಾಳಾಗದೆ ಇರುವುದನ್ನು ನೋಡಿದ್ದೇನೆ.

ಟಯರ್ ಹಾಕಿಸುವಾಗ ಪಕ್ಕದಲ್ಲಿ ನಿಂತು ಏನು ನೋಡಬೇಕು?

ಜಾಕ್ ಎಲ್ಲಿ ಇಡುತ್ತಾರೆ ಅಂತ ನೋಡಿ. ಅಡಿಯಲ್ಲಿ ಬ್ಯಾಟರಿ ಪೆಟ್ಟಿಗೆ ಇದೆ. ಅದಕ್ಕೆ ಜಾಕ್ ಕೊಟ್ಟರೆ ಟಯರ್ ರೇಟಿನ ಎಷ್ಟೋ ಪಟ್ಟು ಖರ್ಚು. ನನ್ನ ಗಾಡಿ ದಾರಿಯಲ್ಲಿ ಪಂಕ್ಚರ್ ಆಗಿ ಒಂದು ಕಡೆ ನಿಲ್ಲಿಸಿದಾಗ ಹುಡುಗ ಹಳೇ ಅಭ್ಯಾಸದಂತೆ ಜಾಕನ್ನು ನೇರ ನಡುವಿಗೆ ತಳ್ಳಿದ. ನಾನು ಕೂಗಿದ್ದರಿಂದ ಉಳಿಯಿತು. ಪುಸ್ತಕದಲ್ಲಿ ಜಾಕ್ ಕೊಡುವ ಜಾಗದ ಚಿತ್ರ ಇರುತ್ತದೆ, ಅದನ್ನು ತೋರಿಸಿ. ಗಾಡಿ ಪೂರ್ತಿ ಆಫ್ ಮಾಡಿ, ಕೀ ಕೈಯಲ್ಲೇ ಇಟ್ಟುಕೊಳ್ಳಿ. ಸದ್ದಿಲ್ಲದ ಗಾಡಿ ಆನ್ ಇದೆಯೋ ಆಫೋ ಅಂತ ಕೆಲಸದ ಹುಡುಗರಿಗೆ ಗೊತ್ತಾಗುವುದಿಲ್ಲ.

ಆಮೇಲೆ ತಾರೀಕು. ಟಯರ್ ಬದಿಯಲ್ಲಿ ಡಾಟ್ (DOT) ಅಂತ ಶುರುವಾಗುವ ಸಾಲಿನ ಕೊನೆಗೆ ನಾಲ್ಕು ಅಂಕಿ ಇರುತ್ತದೆ. 2325 ಅಂದರೆ 2025ರ 23ನೇ ವಾರ. ಒಂದು ವರ್ಷದೊಳಗಿನದು ಕೇಳಿ ತೆಗೆದುಕೊಳ್ಳಿ. ಐಎಸ್‌ಐ ಗುರುತು ಇರಲೇಬೇಕು. ಬಿಲ್ ಕೇಳಿ ಪಡೆಯಿರಿ: 2025ರ ಸೆಪ್ಟೆಂಬರ್ 22ರಿಂದ ಟಯರ್ ಮೇಲಿನ ಜಿಎಸ್‌ಟಿ ಶೇಕಡ 28ರಿಂದ 18ಕ್ಕೆ ಇಳಿದಿದೆ.

ಗಾಳಿ ಎಷ್ಟು? ನೈಟ್ರೋಜನ್ ಬೇಕಾ?

ಸ್ಟಿಕ್ಕರ್‌ನಲ್ಲಿ ಇದ್ದಷ್ಟು. ಬೆಳಿಗ್ಗೆ ಓಡಿಸುವ ಮೊದಲು ನೋಡಬೇಕು. ಓಡಿ ಬಿಸಿಯಾದ ಟಯರ್‌ನಲ್ಲಿ ಜಾಸ್ತಿ ಕಂಡರೆ ತೆಗೆಯಬೇಡಿ. ಕಡಿಮೆ ಗಾಳಿಯಿಂದ ರೇಂಜೂ ಹೋಗುತ್ತದೆ, ನೀರಿನ ಮೇಲೆ ತೇಲುವ ಅಪಾಯವೂ ಹೆಚ್ಚು. ಮಾಮೂಲಿ ಗಾಳಿಯಲ್ಲೇ ನೈಟ್ರೋಜನ್ 78 ಭಾಗ ಇದೆ. ದುಡ್ಡು ಕೊಟ್ಟು ಹಾಕಿಸುವ ಅಗತ್ಯ ಇಲ್ಲ. ಹದಿನೈದು ದಿನಕ್ಕೊಮ್ಮೆ ನೋಡಿದರೆ ಸಾಕು.

ಎರಡೇ ಟಯರ್‌ಗೆ ದುಡ್ಡಿದೆ. ಎಲ್ಲಿ ಹಾಕಲಿ?

ಹಿಂದಕ್ಕೆ. ಮುಂದೆ ಉಳಿಯುವ ಹಳೆಯದರಲ್ಲೂ ಗೆರೆ ಸಾಕಷ್ಟು ಇರಬೇಕು. ನಾಲ್ಕೂ ಒಂದೇ ಮಾದರಿ ಆಗಿದ್ದರೆ 8,000 ಕಿ.ಮೀ.ಗೊಮ್ಮೆ ಮುಂದಿನದು ಹಿಂದಕ್ಕೆ, ಹಿಂದಿನದು ಮುಂದಕ್ಕೆ ಮಾಡಿ.

ರೀಸೋಲ್ (ಸವೆದ ಟಯರ್‌ಗೆ ಹೊಸ ರಬ್ಬರ್ ಪಟ್ಟಿ) ಮಾಡಿಸಬಹುದಾ?

ಸಣ್ಣ ಕರೆಂಟ್ ಪಿಕಪ್‌ಗೆ ನಾನು ಮಾಡಿಸುವುದಿಲ್ಲ. ಒಮ್ಮೆಲೇ ಬರುವ ಎಳೆತ, ಘಾಟಿಯ ಬಿಸಿ ಎರಡೂ ಸೇರಿ ಪಟ್ಟಿ ಎದ್ದರೆ ಕಷ್ಟ. ಮುಂದಿನ ಚಕ್ರಕ್ಕಂತೂ ಬೇಡವೇ ಬೇಡ.

ಹಳೆ ಟಯರ್ ಮನೆಗೆ ತೆಗೆದುಕೊಂಡು ಹೋಗಲಾ?

ದಯವಿಟ್ಟು ಬೇಡ. ಬಾವಿಕಟ್ಟೆ ಹತ್ತಿರ, ಕೊಟ್ಟಿಗೆ ಹಿಂದೆ ಇಟ್ಟ ಟಯರ್‌ನಲ್ಲಿ ಮಳೆ ನೀರು ನಿಲ್ಲುತ್ತದೆ. ಡೆಂಗಿ ಸೊಳ್ಳೆ ಮರಿ ಮಾಡುವುದು ಅಂಥ ನೀರಿನಲ್ಲೇ. 2019ರಲ್ಲಿ ಮಂಗಳೂರಿನಲ್ಲಿ ಡೆಂಗಿ ಹಬ್ಬಿದ್ದು ನಮಗೆಲ್ಲ ನೆನಪಿದೆ. ಅಂಗಡಿಯಲ್ಲೇ ಬಿಟ್ಟುಹೋಗಿ, ನಾವು ಮರುಬಳಕೆಗೆ ಕಳಿಸುತ್ತೇವೆ. ತೋಟಕ್ಕೆ ಬೇಕೇ ಬೇಕು ಅಂದರೆ ಹೇಳಿ, ಕೆಳಗೆ ನಾಲ್ಕು ಕಡೆ ತೂತು ಕೊರೆದು ಕೊಡುತ್ತೇನೆ.